ನಡುವಿನ ಜಾಗ ಖಾಲಿಯಿಲ್ಲ

ಮನೆಯಲ್ಲಿ ಎಂದೂ ಹುಟ್ಟದ ಓದುವ ಚಪಲ ಕ್ಷೌರದಂಗಡಿಯಲ್ಲಿ ಕೂತ ಕೂಡಲೇ ಹುಟ್ಟುತ್ತದೆ. ನನ್ನ ಲೋಕಜ್ಞಾನದ ಬಹುಭಾಗ ಲಕ್ಷ್ಮೀಪುರಂನ ಚೆಲುವಯ್ಯನ ಅಂಗಡಿಯ ಬೆಂಚಿನ ಮೇಲೆ ಗಳಿಸಿದ್ದು ಎಂದರೆ ನನ್ನ ವಿದ್ಯಾರ್ಥಿಗಳು ನಂಬಲಾರರು. ಅವರ ತಂದೆತಾಯಿಗಳು ನಂಬಿಯಾರು. ಮೊನ್ನೆ ಅಲ್ಲಿ ಸರದಿಗೆ ಕಾಯುತ್ತಿದ್ದಾಗ ಮುಖಪುಟ ಕಿತ್ತುಹೋದ ಒಂದು ಅಮೆರಿಕನ್ ಪತ್ರಿಕೆ ಕೈಗೆ ಸಿಕ್ಕಿತು. ಅದರಲ್ಲಿ ಬೇಸ್‌ಬಾಲ್ ಆಟಗಾರರ ಬಗ್ಗೆ ಒಂದು ಲೇಖನವಿತ್ತು. ಬೇಸ್‌ಬಾಲ್ ಎಂದರೆ ನಮ್ಮ ಚಿನ್ನಿದಾಂಡಿನ ಶ್ರೀಮಂತ ದಾಯಾದಿ ಇರಬೇಕು ಎಂಬುದಕ್ಕಿಂತ ಹೆಚ್ಚು ನನಗೆ ತಿಳಿಯದು. ಆದರೆ ಲೇಖನ ಆಟದ ಮೇಲಿರಲಿಲ್ಲ, ಆಟ ಬಿಡದವರ ಮೇಲಿತ್ತು. ಓರಗೆಯವರೆಲ್ಲ ಮನೆ ಸೇರಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದರೂ ಮೈದಾನ ಬಿಟ್ಟು ಕದಲದ ಕೆಲವರು ಅಲ್ಲಿ ಇದ್ದಾರಂತೆ. ಒಬ್ಬನ ಚಿತ್ರವೂ ಇತ್ತು. ಟೋಪಿಯ ಕೆಳಗೆ ನರೆತ ಕೂದಲು, ಕೆನ್ನೆಯ ತುಂಬ ಸುಕ್ಕು, ಕಣ್ಣು ಮಾತ್ರ ಚಿತ್ರದ ಚೌಕಟ್ಟಿನಾಚೆ ಎಲ್ಲೋ ಇರುವ ಚೆಂಡಿನ ಮೇಲೆ. ಅವನ ಜೊತೆ ಮೊದಲು ಆಡಿದವರ ಮಕ್ಕಳು ಈಗ ಅವನ ಎದುರು ಆಡುತ್ತಾರೆ ಎಂದು ಬರೆದಿತ್ತು.

ಚೆಲುವಯ್ಯನಿಗೆ ಓದಿ ಹೇಳಿದೆ. ಅವನು ಕತ್ತಿಯನ್ನು ಮಸೆಯುತ್ತಲೇ ಹೇಳಿದ: "ಇದೇನ್ ಮಹಾ ಬುಡಿ ಮೇಷ್ಟ್ರೇ. ನಮ್ ಮಾದಪ್ಪನೋರ ಆಟ ನೋಡಿದ್ರೆ ಈವಯ್ಯ ದೊಣ್ಣೆ ಅಲ್ಲೇ ಮಡಗಿ ಅಡ್ಡ ಬೀಳೋನು. ನೋಡ್ಬೇಕು ಅಂದ್ರೆ ಬರ್ಲಿ, ಸಂಜೆ ಐದೂವರೆ ಮೇಲೆ."

ಮಾದಪ್ಪನವರು ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಇದು ಚೆಲುವಯ್ಯನಿಗೆ ಚೆನ್ನಾಗಿ ಗೊತ್ತು. ಮಣ್ಣು ಮಾಡಿದ ದಿನ ಅವನು ನನ್ನ ಪಕ್ಕದಲ್ಲೇ ನಿಂತಿದ್ದ. ಆದರೂ ನಾನು ಅವನ ಮಾತನ್ನು ತಿದ್ದಲಿಲ್ಲ. ಕನ್ನಡಿಯಲ್ಲಿ ಅವನೂ ನಾನೂ ಒಬ್ಬರನ್ನೊಬ್ಬರು ಒಂದು ಕ್ಷಣ ನೋಡಿದೆವು, ಅವನು ಮತ್ತೆ ಕತ್ತಿ ಮಸೆಯತೊಡಗಿದ.

ಒಂದೇ ಕೆಲಸವನ್ನು ಬಹುಕಾಲ ಮಾಡುವವರನ್ನು ಕಂಡರೆ ನಮಗೆ ಮೊದಲು ಗೌರವ, ಆಮೇಲೆ ಬೇಸರ, ಕೊನೆಗೆ ಒಂದು ಬಗೆಯ ಭಯ. ಸಂಗೀತಗಾರನಿಗೆ ಕಂಠ ಹೋದರೆ ಚಿಂತೆಯಿಲ್ಲ, ಅದಕ್ಕೆ ಅನುಭವ ಎಂದು ಹೆಸರಿಟ್ಟು ತಲೆದೂಗುತ್ತೇವೆ. ಮಂತ್ರಿಯನ್ನು ಜನ ಇಳಿಸುತ್ತಾರೆ, ಮೇಷ್ಟ್ರನ್ನು ಸರ್ಕಾರ ಇಳಿಸುತ್ತದೆ. ಆಟಗಾರನನ್ನು ಇಳಿಸುವುದು ಅವನ ಮೊಣಕಾಲು. ಅದಕ್ಕೆ ಶಿಫಾರಸು ನಾಟುವುದಿಲ್ಲ. ನಮ್ಮ ಪುರಾಣಗಳಲ್ಲಿ ಚಿರಂಜೀವಿಗಳಿದ್ದಾರಲ್ಲ, ಅವರಲ್ಲಿ ಋಷಿಗಳಿದ್ದಾರೆ, ವೀರರಿದ್ದಾರೆ. ಯಾವನೂ ಸಂಜೆ ಹೊತ್ತು ಚೆಂಡಾಡಿಕೊಂಡು ಚಿರಂಜೀವಿಯಾದದ್ದನ್ನು ನಾನು ಕೇಳಿಲ್ಲ. ಮೊಣಕಾಲಿನ ಕಾನೂನು ಅಲ್ಲಿಗೂ ಅನ್ವಯಿಸುತ್ತಿತ್ತೋ ಏನೋ. ಅದನ್ನು ಮೀರಿದ ಒಬ್ಬರನ್ನು ಮಾತ್ರ ನಾನು ಕಂಡಿದ್ದೇನೆ, ಮತ್ತು ಅವರ ಮೊಣಕಾಲು ಎಂದು ಕೈಕೊಡುತ್ತದೋ ಎಂದು ಬಹಳ ವರ್ಷ ಕಾದಿದ್ದೇನೆ.

ಸ್ವಾತಂತ್ರ್ಯ ಬಂದ ವರ್ಷವೇ ನಾನು ಲಕ್ಷ್ಮೀಪುರಂಗೆ ಬಂದೆ. ಎರಡಕ್ಕೂ ಸಂಬಂಧವಿಲ್ಲ, ನೆನಪಿಗೆ ಅನುಕೂಲ ಅಷ್ಟೆ. ನಮ್ಮ ಹಿಂದಿನ ಬೀದಿಯ ಒಂದು ಹಳೆಯ ಛತ್ರದ ಹಿತ್ತಿಲಲ್ಲಿ ಸಂಜೆ ಆಡುವವರ ಗುಂಪೊಂದಿತ್ತು. ಅದನ್ನು ಕ್ಲಬ್ಬು ಎನ್ನುತ್ತಿದ್ದೆವು. ಎರಡು ಕಂಬ, ಒಂದು ಬಲೆ, ಒಂದು ಬೆಂಚು, ಇಷ್ಟು ಅದರ ಆಸ್ತಿ. ಆಡುತ್ತಿದ್ದದ್ದು ಉಣ್ಣೆ ಚೆಂಡಿನ ಬ್ಯಾಡ್ಮಿಂಟನ್. ಈಗಿನವರು ಗರಿಯ ಶಟಲ್ಲಿನ ಹಿಂದೆ ಓಡುತ್ತಾರೆ. ಆಗ ಮೈಸೂರಿನ ಬೀದಿಗೊಂದು ಅಂಕಣದಲ್ಲಿ ಹಳದಿ ಉಣ್ಣೆಯ ಚೆಂಡು ಹಾರಾಡುತ್ತಿತ್ತು. ಒಂದೊಂದು ಪಕ್ಷಕ್ಕೆ ಐದು ಜನ, ಮುಂದೆ ಇಬ್ಬರು, ಹಿಂದೆ ಇಬ್ಬರು, ನಡುವೆ ಒಬ್ಬ. ಚೆಂಡು ನೆಲ ಮುಟ್ಟಿತೋ, ಅಂಕ ಹೋಯಿತು. ನಡುವಿನವನು ಆ ಮನೆಗೆ ಯಜಮಾನ. ಯಾವುದನ್ನು ತಾನು ಹೊಡೆಯಬೇಕು, ಯಾವುದನ್ನು ಹಿಂದಿನವರಿಗೆ ಬಿಡಬೇಕು ಎಂದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತೀರ್ಮಾನಿಸುವವನು ಅವನೇ.

ನಮ್ಮ ಕ್ಲಬ್ಬಿನ ನಡುವಿನವರು ಮಾದಪ್ಪ. ಸಂತೇಪೇಟೆಯಲ್ಲಿ ನೂಲು, ಉಣ್ಣೆ ಮಾರುವ ಅಂಗಡಿ ಅವರದು. ಹಣೆ ತುಂಬ ವಿಭೂತಿ, ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ, ತೋಳಿಲ್ಲದ ಬನಿಯನ್ನು, ಬರಿಗಾಲು. ವಯಸ್ಸೆಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಕುಂಬಾರಕೊಪ್ಪಲಿನಲ್ಲಿದ್ದ ನಮ್ಮ ಮಾವನವರನ್ನು ಒಮ್ಮೆ ಕೇಳಿದೆ. ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಗೆ ತಳ್ಳಿ, "ಯಾರು, ಮಾದಪ್ಪನೋರಾ? ನಾನು ಚಡ್ಡಿ ಆಕ್ಕೊಂಡು ಬೇಲಿ ಮೇಲೆ ಕೂತ್ಕಂಡು ನೋಡ್ತಿದ್ದಾಗ್ಲೂ ಅವರು ಇಂಗೇ ಇದ್ರು ಕಣಪ್ಪ. ನಮ್ಮಪ್ಪನೂ ಅಂಗೇ ಅಂತಿದ್ದ" ಎಂದರು. ಮಾವನವರಿಗೆ ಉತ್ಪ್ರೇಕ್ಷೆಯ ಚಾಳಿಯಿತ್ತು. ಅವರು ಅಂದು ಉತ್ಪ್ರೇಕ್ಷೆ ಮಾಡುತ್ತಿದ್ದಾರೆ ಎಂದೇ ನಾನು ನಂಬಿಕೊಂಡೆ.

ಕ್ಲಬ್ಬು ಸೇರಿದ ದಿನವೇ ಆ ನಡುವಿನ ಜಾಗದ ಮೇಲೆ ನನ್ನ ಕಣ್ಣು ಬಿದ್ದಿತ್ತು. ಓದುವಾಗ ನಾನು ನಡುವಿನಲ್ಲೇ ಆಡಿ ಒಂದು ಬೆಳ್ಳಿ ಬಟ್ಟಲು ಗೆದ್ದವನು. ಮಾದಪ್ಪನವರಿಗೆ ವಯಸ್ಸಾಗಿದೆ, ಹೆಚ್ಚೆಂದರೆ ಇನ್ನೊಂದು ವರ್ಷ ಆಡಿಯಾರು ಎಂದು ಲೆಕ್ಕ ಹಾಕಿ ಬೆಂಚಿನ ಮೇಲೆ ಕೂತೆ. ಮಹಾರಾಜರ ಆಳ್ವಿಕೆ ಹೋಗಿ ಮಂತ್ರಿಗಳದು ಬಂತು. ಆಣೆ ಹೋಗಿ ನಯಾಪೈಸೆ ಬಂತು. ರಾಜ್ಯದ ಗಡಿಯೇ ಹಿಗ್ಗಿ, ಭೂಗೋಳದ ಮೇಷ್ಟ್ರಾದ ನಾನು ಭೂಪಟವನ್ನು ಹುಡುಗರಿಂದ ಹೊಸದಾಗಿ ಬರೆಸಬೇಕಾಯಿತು. ನಡುವಿನ ಜಾಗ ಮಾತ್ರ ಖಾಲಿಯಾಗಲಿಲ್ಲ. ಯಾರಿಗಾದರೂ ಜ್ವರ ಬಂದಾಗ ಮುಂದೆಯೋ ಹಿಂದೆಯೋ ಆಡುವುದು, ಉಳಿದ ದಿನ ಬೆಂಚು. ಬೆಂಚಿನ ಮೇಲೆ ನನ್ನಷ್ಟು ದೀರ್ಘಕಾಲ ಆಡಿದ ಆಟಗಾರ ಅಮೆರಿಕದಲ್ಲೂ ಇರಲಾರ.

ಬೆಂಚಿನ ಮೇಲೆ ಕೂತವನಿಗೆ ಆಡುವವರಿಗಿಂತ ಹೆಚ್ಚು ಕಾಣುತ್ತದೆ. ನನಗೆ ಮೊದಲು ಕಂಡದ್ದು, ಅಂದರೆ ಕೇಳಿದ್ದು, ಮಾದಪ್ಪನವರ ಕೂಗು. ಚೆಂಡು ತಲೆಯ ಮೇಲೆ ಹಾದು ಹಿಂದಿನ ಎಡಮೂಲೆಗೆ ಹೋದಾಗಲೆಲ್ಲ ಅವರು ತಿರುಗಿ ನೋಡದೆ "ಸುಬ್ಬಣ್ಣ, ನಿಂದು!" ಎನ್ನುತ್ತಿದ್ದರು. ಆ ಮೂಲೆಯಲ್ಲಿ ನಿಲ್ಲುತ್ತಿದ್ದವನು ರಾಮು ಎಂಬ ಕಾಲೇಜು ತರುಣ. ಸುಬ್ಬಣ್ಣ ಎಂಬವರು ಮಾದಪ್ಪನವರ ಹಳೆಯ ಜೊತೆಗಾರರು, ನಾನು ಆ ಬೀದಿಗೆ ಬರುವ ಮೊದಲೇ ಪ್ಲೇಗಿನಲ್ಲಿ ಹೋದವರು. ಮುದುಕರ ಬಾಯಲ್ಲಿ ಹಳೆಯ ಹೆಸರು ನಿಲ್ಲುವುದು ಸಹಜವೇ. ಸಹಜವಲ್ಲದ್ದು ಆಮೇಲಿನದು. ರಾಮು ಸಾಧಾರಣ ಆಟಗಾರ, ಹತ್ತು ಚೆಂಡಿಗೆ ಆರನ್ನು ನೆಲಕ್ಕೆ ಒಪ್ಪಿಸುವವನು. ಆದರೆ "ಸುಬ್ಬಣ್ಣ" ಎಂದು ಕೂಗಿದ ಚೆಂಡು ಒಂದೂ ಕೆಳಗೆ ಬೀಳುತ್ತಿರಲಿಲ್ಲ. ಒಂದು ಸಂಜೆ ನಾನು ಅವನ ಬೆನ್ನು ತಟ್ಟಿದೆ. ಅವನು ಬೆವರು ಒರೆಸಿಕೊಳ್ಳುತ್ತ, "ನಾನ್ ಹೊಡೀಲಿಲ್ಲ ಸಾರ್. ಕೈ ಹೋಯ್ತು ಅಷ್ಟೇ" ಎಂದ. ವಿನಯವಂತ ಹುಡುಗ ಎಂದುಕೊಂಡು ಮನೆಗೆ ಬಂದೆ.

ಇನ್ನೊಂದು ಸಂಜೆಯದು ವಿನಯದಿಂದ ಬಗೆಹರಿಯುವ ವಿಷಯವಲ್ಲ. ಊರಿನ ಇನ್ನೊಂದು ಬದಿಯಿಂದ ಒಂದು ತಂಡ ಪಂದ್ಯಕ್ಕೆ ಬಂದಿತ್ತು. ಅವರ ನಾಯಕ ಒಬ್ಬ ವಕೀಲರು, ದಪ್ಪ ಮೀಸೆಯ ಮನುಷ್ಯ. ನಮ್ಮ ಅಂಪೈರು ಚೆಲುವಯ್ಯ. ತಲೆ ನೋಡಿ ತೀರ್ಪು ಕೊಡುವುದು ಅವನ ಕಸುಬೇ ಎಂದು ನಾವು ನಗುತ್ತಿದ್ದೆವು. ಹೊತ್ತು ಮುಳುಗಿ, ಹಳದಿ ಚೆಂಡು ಬಿಟ್ಟರೆ ಬೇರೇನೂ ಸರಿಯಾಗಿ ಕಾಣದ ಹೊತ್ತಿನಲ್ಲಿ ವಕೀಲರು ತಟ್ಟನೆ ಆಟ ನಿಲ್ಲಿಸಿದರು. "ಏನ್ರೀ ಇದು ಅನ್ಯಾಯ? ಆರು ಜನರನ್ನ ಆಡಿಸ್ತಾ ಇದೀರಲ್ಲ!" ಎಂದರು.

ಚೆಲುವಯ್ಯ ಸ್ಟೂಲಿನಿಂದ ಇಳಿದು ಎಣಿಸಿದ. ಐದು. ನಾನು ಬೆಂಚಿನಲ್ಲಿಯೇ ಇದ್ದೆ. ಆಟ ಮತ್ತೆ ಶುರುವಾಯಿತು. ಮಾದಪ್ಪನವರು "ಸುಬ್ಬಣ್ಣ" ಎಂದರು, ಚೆಂಡು ಹೋಯಿತು, ಬಂತು. ವಕೀಲರು ರ‍್ಯಾಕೆಟ್ಟನ್ನು ಕೆಳಗಿಟ್ಟುಬಿಟ್ಟರು. "ಹಿಂದೆ ಎಡಗಡೆ ಇಬ್ಬರಿದಾರೆ. ಒಬ್ಬ ಬನಿಯನ್ ಹಾಕಿದಾನೆ. ನಾನು ಕೋರ್ಟಿನಲ್ಲಿ ಬೇಕಾದರೂ ಹೇಳ್ತೀನಿ" ಎಂದರು. ರಾಮು ತೊಟ್ಟಿದ್ದದ್ದು ನೀಲಿ ಅಂಗಿ. ಚೆಲುವಯ್ಯ ಮತ್ತೆ ಎಣಿಸಿದ, ಮತ್ತೆ ಐದು. ಆದರೆ ಈ ಸಲ ಎಣಿಸುವುದಕ್ಕೆ ಅವನು ಬಹಳ ಹೊತ್ತು ತೆಗೆದುಕೊಂಡ. ಅದರ ಬಗ್ಗೆ ಎಷ್ಟೋ ದಿನಗಳಾದ ಮೇಲೆ ಅವನು ಹೇಳಿದ್ದು ಇಷ್ಟೇ: "ಎಣಿಸಿದ್ದು ಐದೇ ಮೇಷ್ಟ್ರೇ. ಐದು ಅಂತ ಹೇಳಕ್ಕೆ ನಾಲಿಗೆ ಏಳ್ಲಿಲ್ಲ, ಅಷ್ಟೇ." ಅಂದಿನಿಂದ ಬೆಂಚಿನ ಮೇಲೆ ಕೂರುವಾಗ ನಾನು ಅಂಕಣದ ಎಡಬದಿಗೆ ಸ್ವಲ್ಪ ಬೆನ್ನು ಮಾಡಿಕೊಂಡು ಕೂರತೊಡಗಿದೆ.

ಈಗ ಚೆಂಡಿನ ವಿಷಯ ಹೇಳಬೇಕು. ನಮ್ಮ ಕ್ಲಬ್ಬಿನಲ್ಲಿ ಅಂಗಡಿಯ ಚೆಂಡು ಆಡುತ್ತಿರಲಿಲ್ಲ. ಮಾದಪ್ಪನವರು ತಮ್ಮ ಕೈಯಾರೆ ಸುತ್ತಿದ ಚೆಂಡು ಒಂದೇ ಒಂದು. ಮೇಲಿನ ಉಣ್ಣೆ ಸವೆದಾಗ ಅದನ್ನು ಬಿಚ್ಚಿ ಹೊಸ ಹಳದಿ ಉಣ್ಣೆ ಸುತ್ತುತ್ತಿದ್ದರು. ಒಳಗಿನ ಗಟ್ಟಿ ಮಾತ್ರ ಹಳೆಯದೇ. ಆಟ ಮುಗಿದ ಮೇಲೆ ಚೆಂಡನ್ನು ಮನೆಗೆ ಒಯ್ದು ಜೋಪಾನ ಮಾಡುವುದು ಬೆಂಚಿನವನ ಕೆಲಸ, ಆದ್ದರಿಂದ ಅದು ನನ್ನ ಪಾಲಿಗೆ ಬಂದಿತ್ತು. "ಮೇಲ್ಗಡೆ ಉಣ್ಣೆ ಓದ್ರೂ ಚಿಂತೆ ಇಲ್ಲ ಮೇಷ್ಟ್ರೇ. ಒಳಗಡೇದು ಮುಟ್ಬೇಡಿ" ಎಂದು ಅವರು ಕೊಡುವಾಗ ಒಮ್ಮೆ ಹೇಳಿದ್ದರು. ಏಕೆ ಎಂದು ನಾನು ಕೇಳಲಿಲ್ಲ. ನಡುಮನೆಯ ಗೋಡೆಯ ಗೂಡಿನಲ್ಲಿ, ದೀಪದ ಪಕ್ಕ, ಇಡುತ್ತಿದ್ದೆ. ಕೆಲವು ಬೆಳಿಗ್ಗೆ ಅದನ್ನು ಮುಟ್ಟಿದರೆ ಬೆಚ್ಚಗಿರುತ್ತಿತ್ತು. ದೀಪದ ಶಾಖ ಎಂದು ಸಮಾಧಾನ ಮಾಡಿಕೊಂಡೆ, ಭೂಗೋಳದ ಮೇಷ್ಟ್ರಿಗೆ ಶಾಖದ ವಿಷಯ ಅಷ್ಟೂ ತಿಳಿಯದಿದ್ದರೆ ಹೇಗೆ? ಆಮೇಲೆ ದೀಪ ಹಚ್ಚದ ಸೂತಕದ ದಿನಗಳಲ್ಲೂ ಅದು ಬೆಚ್ಚಗೇ ಇತ್ತು. ಅದಕ್ಕೆ ಭೂಗೋಳದಲ್ಲಿ ಉತ್ತರ ಇರಲಿಲ್ಲ.

ನಮಗೆ ಮಗಳು ಹುಟ್ಟಿದ ವರ್ಷ ಆಷಾಢದ ಮಳೆ ಬಿಡದೆ ಹಿಡಿಯಿತು. ಅಂಕಣದಲ್ಲಿ ನೀರು ನಿಂತು ಆಟ ನಿಂತಿತು. ಮನೆಯಲ್ಲಿ ನನ್ನ ಹೆಂಡತಿ ಜಯ, ನಮ್ಮ ಕೈಗೂಸು, ಮತ್ತು ಗೂಡಿನಲ್ಲಿ ಚೆಂಡು. ಜಯಳಿಗೆ ಎರಡು ವ್ಯಸನ. ಒಂದು, ಕಣ್ಣಿಗೆ ಬಿದ್ದದ್ದನ್ನೆಲ್ಲ ತೊಳೆಯುವುದು. ಇನ್ನೊಂದು, ಕೈ ಬಿಡುವಾದರೆ ಹೆಣೆಯುವುದು. ಥಂಡಿ ಎಂದು ಮಗುವಿಗೆ ಹಳದಿ ಉಣ್ಣೆಯ ಕುಲಾವಿ ಹೆಣೆಯುತ್ತಿದ್ದಳು. ನೆತ್ತಿಯ ಹತ್ತಿರ ಬರುವಾಗ ಉಣ್ಣೆ ಮುಗಿಯಿತು. ಮಳೆಯಲ್ಲಿ ಸಂತೇಪೇಟೆಗೆ ಹೋಗುವವರು ಯಾರು? ಗೂಡಿನ ಕಡೆ ನೋಡಿದಳು. ಅದೇ ಬಣ್ಣ, ಅದೇ ಎಳೆ, ಅದೇ ಅಂಗಡಿಯದು.

ಸಂಜೆ ಶಾಲೆಯಿಂದ ಬಂದಾಗ ಮಗು ತೊಟ್ಟಿಲಲ್ಲಿ ಹಳದಿ ಕುಲಾವಿ ಹಾಕಿಕೊಂಡು ಮಲಗಿತ್ತು. ನಿದ್ದೆ ಮಾಡುತ್ತಿರಲಿಲ್ಲ. ಕಣ್ಣು ಅರಳಿಸಿಕೊಂಡು ತಲೆಯನ್ನು ಎಡಕ್ಕೆ ತಿರುಗಿಸಿತು, ಬಲಕ್ಕೆ ತಿರುಗಿಸಿತು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಆಗಾಗ ಒಂದು ಕ್ಷಣ ಮೇಲೆ ನೋಡಿ, ಮತ್ತೆ ಎಡಕ್ಕೆ. ಅಲ್ಲಿ ನೊಣವೂ ಇರಲಿಲ್ಲ.

"ಮಧ್ಯಾಹ್ನದಿಂದ ಇಂಗೇ ಮಾಡ್ತಾವಳೆ ಕಣ್ರೀ, ನಂಗ್ಯಾಕೋ ಎದೆ ಹೊಡ್ಕೋತೈತೆ" ಎಂದಳು ಜಯ. ವರ್ಷಗಟ್ಟಲೆ ಬೆಂಚಿನ ಮೇಲೆ ಕೂತವನಿಗೆ ಆ ತಲೆ ತಿರುಗಿಸುವ ರೀತಿ ಹೇಳಿಕೊಡಬೇಕಾಗಿರಲಿಲ್ಲ. ಬಲೆಯ ಪಕ್ಕ ಕೂತು ಆಟ ನೋಡುವವರು ಹಾಗೆ ತಿರುಗಿಸುತ್ತಾರೆ. ನಾನು ಗೂಡು ನೋಡಿದೆ, ಖಾಲಿ. "ಚೆಂಡೆಲ್ಲಿ?" ಎಂದೆ. "ಉಣ್ಣೆ ಸಾಲ್ದೇ ಓಯ್ತು, ಅದುನ್ನೇ ಬಿಚ್ಬುಟ್ಟೆ. ಒಳಗೆ ಬರೀ ಚಿಂದಿ ಕಣ್ರೀ, ಗಬ್ಬುನಾತ. ಚೆನ್ನಾಗಿ ಸೋಪ್ ಆಕಿ ಒಗ್ದು ಇಟ್ಟಿದೀನಿ" ಎಂದಳು. ಅವಳ ಧ್ವನಿಯಲ್ಲಿ ಶ್ಲಾಘನೆಯ ನಿರೀಕ್ಷೆಯಿತ್ತು.

ಮಗುವಿನ ತಲೆಯಿಂದ ನಾನೇ ಕುಲಾವಿ ತೆಗೆದೆ. ಮಗು ಕೂಡಲೇ ಕಣ್ಣು ಮುಚ್ಚಿ ಮಲಗಿತು.

ಅಂದೇ ಮಳೆ ಬಿಟ್ಟಿತ್ತು. ಬಿಸಿಲು ಕಂಡ ಆಟಗಾರರು ಅಂಕಣದಲ್ಲಿ ಸೇರಿರುತ್ತಾರೆ. ಏನು ಮಾಡಲಿ? ದಾರಿಯಲ್ಲಿ ಒಂದು ಹೊಸ ಚೆಂಡು ಕೊಂಡು, ಮಣ್ಣಿನಲ್ಲಿ ಸ್ವಲ್ಪ ಉರುಳಿಸಿ ಹಳತು ಮಾಡಿ ಒಯ್ದೆ. ಯಾರೂ ಗುರುತಿಸಲಿಲ್ಲ. ಎದುರಿನವರು ಮೊದಲ ಚೆಂಡು ಹೊಡೆದರು. ಅದು ಎತ್ತರಕ್ಕೆ ಎದ್ದು ಹಿಂದಿನ ಎಡಮೂಲೆಗೆ ಹೋಯಿತು. "ಸುಬ್ಬಣ್ಣ, ನಿಂದು!" ಎಂದರು ಮಾದಪ್ಪ. ಚೆಂಡು ಹೋಗಿ ನೆಲದ ಮೇಲೆ ಬಿತ್ತು. ಎಲ್ಲರೂ ಹಿಂದಕ್ಕೆ ತಿರುಗಿ ನೋಡಿದರು, ಅಷ್ಟು ವರ್ಷಗಳಲ್ಲಿ ಮಾದಪ್ಪನವರೂ ಮೊದಲ ಬಾರಿಗೆ ತಿರುಗಿ ನೋಡಿದರು.

ನಿಧಾನವಾಗಿ ನಡೆದುಹೋಗಿ ಚೆಂಡನ್ನು ಎತ್ತಿಕೊಂಡರು. ಹಿಸುಕಲಿಲ್ಲ, ಮೂಗಿನ ಹತ್ತಿರ ಹಿಡಿದು ಮೂಸಿದರು. ಬೆಂಚಿನ ಕಡೆ ಬಂದು ನನ್ನ ಮುಖ ನೋಡಿದರು. "ಮೇಷ್ಟ್ರೇ, ಯಾರ್ರೀ ಇದು?" ಎಂದರು.

ಏನಿದು ಎಂದು ಕೇಳಿದ್ದರೆ ನಾನು ಏನಾದರೂ ಸುಳ್ಳು ಹೇಳುತ್ತಿದ್ದೆ. ಯಾರು ಎಂದು ಕೇಳಿದ್ದರಿಂದ ನಿಜ ಹೇಳಿದೆ. ಅವರು ಪಂಚೆ ಇಳಿಬಿಟ್ಟು, ಬನಿಯನ್ನಿನ ಮೇಲೆ ಟವೆಲು ಹೊದ್ದು ನನ್ನ ಜೊತೆ ಹೊರಟರು. ಅವರು ನಡೆಯುವಾಗ ಕಾಲೆಳೆಯುವುದನ್ನು ನಾನು ಆ ದಿನ ಗಮನಿಸಿದೆ. ಮೊಣಕಾಲು, ನಾನು ಅಷ್ಟು ವರ್ಷ ಕಾದ ಮೊಣಕಾಲು, ಒಂದೊಂದು ಹೆಜ್ಜೆಗೂ ಮಡಿಸಲು ಒಪ್ಪದೆ ತೊಡರುತ್ತಿತ್ತು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಹಿತ್ತಿಲಿನ ತಂತಿಯ ಮೇಲೆ, ಮಗುವಿನ ಬಟ್ಟೆಗಳ ಪಕ್ಕದಲ್ಲಿ, ಜಯ ಆ ಚಿಂದಿಗಳನ್ನು ಸಾಲಾಗಿ ಒಣಹಾಕಿದ್ದಳು. ಬೆರಳಗಲದ ಬಟ್ಟೆಯ ಪಟ್ಟಿಗಳು. ಒಂದು ಖಾದಿಯದು, ಒಂದು ಗೆರೆಗೆರೆಯದು, ಒಂದರ ತುದಿಯಲ್ಲಿ ಗುಂಡಿ ಇನ್ನೂ ಇತ್ತು. ಗಾಳಿಯಿರಲಿಲ್ಲ, ಮಗುವಿನ ಅಂಗಿಗಳು ಅಲುಗದೆ ನೇತಾಡುತ್ತಿದ್ದವು. ಪಟ್ಟಿಗಳು ಮಾತ್ರ ಸಣ್ಣಗೆ ಅಲುಗುತ್ತಿದ್ದವು. ಹಗುರ ಬಟ್ಟೆಯಲ್ಲವೇ, ಅಲುಗುತ್ತದೆ.

ಮಾದಪ್ಪನವರು ತಂತಿಯ ಉದ್ದಕ್ಕೂ ನಡೆದರು. "ಇವ್ನು ಸುಬ್ಬಣ್ಣ. ಇದು ನಮ್ ತಮ್ಮ, ಮುಂದ್ಗಡೆ ಆಡ್ತಿದ್ದ. ಇವ್ರು ನಮ್ ಮೊದಲ್ನೇ ಕ್ಯಾಪ್ಟನ್ನು, ಗುಂಡಿ ಕೀಳಕ್ಕೆ ಬುಡ್ತಿರ್ಲಿಲ್ಲ." ಒಂದೊಂದನ್ನೂ ಮುಟ್ಟಿ ಹೇಳಿದರು. ಕ್ಲಬ್ಬಿನವರು ಯಾರೇ ತೀರಿಹೋದರೂ ಅವರು ತೊಟ್ಟು ಆಡುತ್ತಿದ್ದ ಅಂಗಿಯದೋ ಬನಿಯನ್ನಿನದೋ ಅಂಚು ಹರಿದು ಚೆಂಡಿನೊಳಗೆ ಸುತ್ತುವುದು ಮೊದಲಿನಿಂದ ಬಂದ ಪದ್ಧತಿಯಂತೆ. ಬರಬರುತ್ತ ಅದನ್ನು ತಿಳಿದವರೆಲ್ಲ ಚೆಂಡಿನೊಳಗೆ ಸೇರಿ, ಹೊರಗೆ ಉಳಿದವರು ಇವರೊಬ್ಬರೇ.

"ನಾನೊಬ್ನೇ ಇಷ್ಟು ವರ್ಷ ಆಡ್ದೆ ಅಂತ ಊರೆಲ್ಲ ಒಗಳ್ತಾರೆ" ಎಂದರು. "ಒಬ್ನೇ ಎಲ್ಲಿ ಆಡ್ದೆ ಮೇಷ್ಟ್ರೇ? ನಂಗ್ ಕಾಣದೇ ಇರೋ ಚೆಂಡ ಇವ್ರು ನೋಡ್ಕೋತಿದ್ರು. ನಾನು ಸುಮ್ನೆ ನಡೂಕೆ ನಿಂತಿದ್ದೆ."

ಜಯ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಮಾದಪ್ಪನವರು ಸುಬ್ಬಣ್ಣನ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ಸಿಟ್ಟಿಲ್ಲದೆ, ಯಾರೋ ತೀರಿಹೋದ ಸುದ್ದಿ ಕೇಳಿದವರ ಧ್ವನಿಯಲ್ಲಿ, "ಒಗೆದ್ಬುಟ್ರಲ್ಲವ್ವ. ಬೆವರು ಒಂಟೋಯ್ತಲ್ಲ" ಎಂದರು.

ಜಯಳ ಮುಖ ನೋಡಲಾಗಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅವಳು ಒಂದು ಬಟ್ಟೆ ಶುಭ್ರವಾದದ್ದಕ್ಕೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮಗುವನ್ನು ನನ್ನ ಕೈಗೆ ಕೊಟ್ಟು, ಕುಲಾವಿ ತಂದು ನೆತ್ತಿಯಿಂದ ಬಿಚ್ಚತೊಡಗಿದಳು. "ಅಂಗೇ ಸುತ್ಕೊಡ್ತೀನಿ, ಎಂಗೆ ಸುತ್ಬೇಕು ಹೇಳಿ ಅಪ್ಪಾಜಿ" ಎಂದಳು. ಇಬ್ಬರೂ ಜಗುಲಿಯ ಮೇಲೆ ಎದುರು ಬದುರು ಕೂತರು. ಅವಳು ಎಳೆ ಬಿಟ್ಟಳು, ಅವರು ಪಟ್ಟಿಗಳನ್ನು ಒಂದರ ಮೇಲೊಂದು ಬಿಗಿಯಾಗಿ ಸುತ್ತಿದರು. ಗಟ್ಟಿ ಒಂದು ನೆಲ್ಲಿಕಾಯಿಯಷ್ಟಾದಾಗ ಕೈ ನಿಲ್ಲಿಸಿದರು. ಅದನ್ನು ಹಸ್ತದಲ್ಲಿಟ್ಟು ತೂಗಿ, ತಲೆಯಾಡಿಸಿದರು.

"ತಣ್ಣಗವ್ರೆ" ಎಂದರು.

ಮೇಲಿನ ಟವೆಲು ತೆಗೆದರು. ಅಂಕಣದಿಂದ ಹಾಗೇ ಬಂದಿದ್ದರಲ್ಲ, ಬನಿಯನ್ನು ಬೆನ್ನಿಗೆ ಅಂಟಿಕೊಂಡಿತ್ತು. ಅದರ ಕೆಳಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪರ್ರೆಂದು ಸುತ್ತಲೂ ಹರಿದರು. ಒದ್ದೆಯಾದ ಆ ಪಟ್ಟಿಯನ್ನು ಉಳಿದವರೆಲ್ಲರ ಮೇಲೆ, ಹೊದಿಕೆ ಹೊದಿಸುವಂತೆ, ಸುತ್ತಿದರು. "ಇವ್ರಿಗೆ ಬೆವರು ಬೇಕಲ್ಲ. ಒಳಗೊಬ್ಬ ಇದ್ರೆ ಎಲ್ರಿಗೂ ಇಳೀತದೆ" ಎಂದರು.

"ನೀವಿನ್ನೂ ಇದೀರಲ್ಲ!" ಎಂದೆ ನಾನು.

"ಇದೀನಿ. ಆದ್ರೆ ಒಬ್ಬ ಎರಡು ಕಡೆ ಆಡಂಗಿಲ್ಲ ಮೇಷ್ಟ್ರೇ. ನಾಳೆಯಿಂದ ನಡೂಕೆ ನೀವು ನಿಂತ್ಕಳಿ" ಎಂದರು. ಹಳದಿ ಉಣ್ಣೆಯ ಕೊನೆಯ ಸುತ್ತು ಮುಗಿಸಿ, ಚೆಂಡನ್ನು ಜಯಳ ಕೈಯಲ್ಲಿಟ್ಟರು. ಅವಳು ಬೆಚ್ಚಿ ನನ್ನ ಕಡೆ ನೋಡಿದಳು. ಚೆಂಡು ಮತ್ತೆ ಬೆಚ್ಚಗಾಗಿತ್ತು.

ಅಷ್ಟು ವರ್ಷ ಆಸೆಪಟ್ಟ ಜಾಗ ಹೀಗೆ ನನಗೆ ಸಿಕ್ಕಿತು. ಸಿಕ್ಕಿದ ಮೇಲೆ ಅಲ್ಲಿ ನಿಲ್ಲುವ ಮೊದಲು ಎರಡು ಸಲ ಬೆಂಚಿನ ಕಡೆ ತಿರುಗಿ ನೋಡಿದೆ. ಒಂದು ಜಾಗಕ್ಕೆ ಕಾದು ಕೂರುವಾಗ ನಮಗೆ ಆ ಜಾಗವಷ್ಟೇ ಕಾಣುತ್ತದೆ, ಅದರಲ್ಲಿ ನಿಂತವನು ಏನನ್ನು ಹೊತ್ತು ನಿಂತಿದ್ದಾನೆಂಬುದು ಕಾಣುವುದಿಲ್ಲ. ಮಾದಪ್ಪನವರು ನನ್ನ ಬೆಂಚಿನ ಮೇಲೆ, ನನ್ನ ಮೈಯ ಅಚ್ಚು ಬಿದ್ದಿದ್ದ ಅದೇ ತುದಿಯಲ್ಲಿ, ಕೂತರು. ಅಂದಿನಿಂದ ಅವರು ರ‍್ಯಾಕೆಟ್ಟು ಮುಟ್ಟಲಿಲ್ಲ.

ದಸರೆಯ ಹೊತ್ತಿಗೆ ವಕೀಲರ ತಂಡ ಮತ್ತೆ ಬಂತು. ನಾನು ನಡುವಿನಲ್ಲಿ ನಿಂತು ಮೊದಲರ್ಧ ಕಣ್ಣುಕಣ್ಣು ಬಿಟ್ಟೆ. ನಮಗೆ ಸೋಲು ಖಚಿತವಾಗಿತ್ತು. ಹೊತ್ತು ಮುಳುಗಿತು. ಅರಮನೆಯ ಕಡೆ ದೀಪಗಳು ಹತ್ತಿ ಆಕಾಶದ ಆ ಬದಿ ಕೆಂಪಗಾಯಿತು. ಒಂದು ಚೆಂಡು ನನ್ನ ತಲೆಯ ಮೇಲೆ ಹಾದುಹೋಗುತ್ತಿದ್ದಾಗ ನನಗರಿವಿಲ್ಲದೆ ಬಾಯಿಂದ "ಸುಬ್ಬಣ್ಣ, ನಿಂದು!" ಎಂದು ಬಂತು. ಕಂಡರಿಯದ ಮನುಷ್ಯನ ಹೆಸರು. ಬೆನ್ನ ಹಿಂದೆ ರ‍್ಯಾಕೆಟ್ಟಿನ ತಂತಿಗೆ ಉಣ್ಣೆ ತಗುಲಿದ ಸದ್ದಾಯಿತು, ಚೆಂಡು ವಾಪಸು ಹೋಯಿತು. ಮುಂದಿನದು ನೇರ ನನ್ನ ಎದೆಗೆ ಬಂತು. ಅದನ್ನು ನಾನು ಹೊಡೆಯಲಿಲ್ಲ. ಕೈ ಹೋಯಿತು, ಅಷ್ಟೆ.

ಆ ಪಂದ್ಯ ಗೆದ್ದೆವು. ವಕೀಲರು ಈ ಸಲ ತಕರಾರು ಮಾಡಲಿಲ್ಲ. ಕೈಕುಲುಕುವಾಗ ಮಾತ್ರ ಮೆಲ್ಲಗೆ, "ಅಲ್ರೀ ಮೇಷ್ಟ್ರೇ, ನಿಮ್ಮ ಜೊತೆ ಜೊತೆಗೇ ಆ ಮುದುಕರು ಯಾಕ್ರೀ ಓಡಾಡ್ತಿದ್ರು?" ಎಂದರು. ನಾನು ಬೆಂಚಿನ ಕಡೆ ತಿರುಗಿದೆ. ಮಾದಪ್ಪನವರು ಕೂತಲ್ಲೇ ಇದ್ದರು, ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಅಂಪೈರು ಚೆಲುವಯ್ಯನ ಸ್ಟೂಲು ಅವರ ಪಕ್ಕದಲ್ಲೇ ಇತ್ತು, ಅವರು ಎದ್ದಿಲ್ಲ ಎಂದು ಅವನು ಆಣೆ ಮಾಡಿ ಹೇಳಿದ. ದಸರೆಯ ತಂಪು ಗಾಳಿ ಬೀಸುತ್ತಿತ್ತು, ನಾವೆಲ್ಲ ಹೆಗಲಿಗೆ ಟವೆಲು ಎಳೆದುಕೊಂಡಿದ್ದೆವು. ಅವರ ಮೈಯಿಂದ ಬೆವರು ಧಾರೆಯಾಗಿ ಇಳಿದು ಬೆಂಚನ್ನು ತೋಯಿಸಿತ್ತು. ಕಣ್ಣು ತೆರೆದು, "ಚೆನ್ನಾಗಾಡ್ದೋ ಕಣ್ರೀ" ಎಂದರು.

ಅದಾದ ಮೇಲೂ ಅವರು ಕೆಲವು ವರ್ಷ ಬೆಂಚಿಗೆ ಬಂದರು, ಆಮೇಲೆ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಚೆಂಡಿಗೆ ಹೊಸದಾಗಿ ಏನನ್ನೂ ಸೇರಿಸಬೇಕಾಗಿರಲಿಲ್ಲ. ಸುಮ್ಮನೆ ಬಲೆ ಕಟ್ಟಿ ಆಡಿದೆವು. ಹಿಂದಿನ ಬಲಮೂಲೆಗೆ ಒಂದು ಚೆಂಡು ಹೋದಾಗ ನಾನು ತಿರುಗಿ ನೋಡದೆ "ಮಾದಪ್ಪನೋರೇ, ನಿಮ್ದು!" ಎಂದೆ.

ಇಂದಿಗೂ ಆಡುತ್ತಿದ್ದೇನೆ. ಕುಲಾವಿಯ ಮಗು ಈಗ ಹೈಸ್ಕೂಲಿನಲ್ಲಿದ್ದಾಳೆ. ಈಚೆಗೆ ಬೆಂಚಿನ ಮೇಲೆ ಬ್ಯಾಂಕಿನ ತರುಣನೊಬ್ಬ ಬಂದು ಕೂತಿದ್ದಾನೆ, ನನ್ನ ಮೊಣಕಾಲನ್ನೇ ನೋಡುತ್ತಿರುತ್ತಾನೆ. ನನಗೆ ಅವನ ಮೇಲೆ ಸಿಟ್ಟಿಲ್ಲ, ಬಹಳ ಪ್ರೀತಿ. ಅಮೆರಿಕದ ಆ ನರೆಗೂದಲಿನವನ ಚಿತ್ರ ನೋಡಿದಾಗಲೂ ನನಗೆ ಅವನ ವಯಸ್ಸಿನ ಬಗ್ಗೆ ಆಶ್ಚರ್ಯವಾಗಲಿಲ್ಲ. ಅವನ ಚೆಂಡನ್ನು ಒಮ್ಮೆ ಮುಟ್ಟಿ, ಬೆಚ್ಚಗಿದೆಯೇ ಎಂದು ನೋಡಬೇಕೆನಿಸಿತು.

ಮೊನ್ನೆ ಕ್ಷೌರ ಮುಗಿಸಿ ಮನೆಗೆ ಬಂದು, ಸ್ನಾನಕ್ಕೆ ಹೋಗುವ ಮುಂಚೆ ಬನಿಯನ್ನು ಹುಡುಕಿದೆ. ಕೋಣೆಯ ಬಾಗಿಲ ಹಿಂದೆ, ಗೂಟದಲ್ಲಿ, ಎಂದೋ ಆಡಿ ಬಿಚ್ಚಿದ ನನ್ನ ಹಳೆಯ ಬನಿಯನ್ನೊಂದು ನೇತಾಡುತ್ತಿತ್ತು. ಬೆವರಿನ ಉಪ್ಪು ಬೆನ್ನಿನ ಮೇಲೆ ಬಿಳಿ ಗೆರೆ ಕಟ್ಟಿತ್ತು. ನಮ್ಮ ಮನೆಯಲ್ಲಿ ಹೊಸ ಬಟ್ಟೆಗೂ ಎರಡು ಸಲ ಸೋಪು ಕಾಣದೆ ಬಿಡುಗಡೆಯಿಲ್ಲ. ಅಡಿಗೆಮನೆಯಲ್ಲಿದ್ದ ಜಯಳಿಗೆ, "ಇದೊಂದು ಒಗೆಯೋದು ಮರೆತಿದೀಯಲ್ಲೇ" ಎಂದು ಕೂಗಿದೆ.

ಒಗ್ಗರಣೆಯ ಸದ್ದು ನಿಂತಿತು.

"ಮರ್ತಿಲ್ಲ" ಎಂದಳು. "ಅದು ಅಲ್ಲೇ ಇರ್ಲಿ ಬುಡಿ."